ಸಿಲಿಕಾ ನ್ಯಾನೊಕಣಗಳ ಮೇಲೆ ತಾಪಸಂವೇದಿ ಪಾಲಿಮರ್‌ಗಳ ಕಸಿ

ತೋಟಗಾರಿಕೆಯ ಅನುಭವದಿಂದ ರಸಾಯನಶಾಸ್ತ್ರಕ್ಕೆ ಸಂದ ಪರಿಕಲ್ಪನೆಗಳಲ್ಲಿ ‘ಕಸಿ’ಯೂ ಒಂದು. ಬೇರುಸಸಿಗೆ ಕುಡಿಯನ್ನು ಕಟ್ಟಿದ ಮಾತ್ರಕ್ಕೆ ಕಸಿಯಾಯಿತೆಂದು ಕೃಷಿಕರು ಒಪ್ಪುವುದಿಲ್ಲ. ಎರಡೂ ಒಂದಾಗಿ ಬೆಸೆದುಕೊಂಡು ಕುಡಿ ಚಿಗುರಬೇಕು. ಪ್ರಯೋಗಾಲಯದ ಕಸಿಗೂ ಈ ಮಾನದಂಡವೇ ಅನ್ವಯಿಸುತ್ತದೆ.

ಈ ಕಸಿಯ ಎರಡು ಮೂಲಾಧಾರಗಳೂ 1968ರಲ್ಲಿ ಪ್ರಕಟವಾದವು. ಮದ್ಯಸಾರದಲ್ಲಿ ಸಿಲಿಕಾನ್ ಸಂಯುಕ್ತವನ್ನು ನೀರು ಮತ್ತು ಅಮೋನಿಯಾದೊಡನೆ ವರ್ತಿಸುವಂತೆ ಮಾಡಿ ಏಕಗಾತ್ರದ ಸಿಲಿಕಾ ಗೋಳಗಳನ್ನು ಪಡೆಯುವ ವಿಧಾನವನ್ನು ಸ್ಟೋಬರ್, ಫಿಂಕ್ ಮತ್ತು ಬೋನ್ ವಿವರಿಸಿದರು. ಪಾಲಿ(ಎನ್-ಐಸೊಪ್ರೊಪೈಲ್‌ಅಕ್ರಿಲಮೈಡ್) ಎಂಬ ಪಾಲಿಮರ್‌ನ ಜಲೀಯ ದ್ರಾವಣದ ಗುಣಗಳನ್ನು ಹೆಸ್ಕಿನ್ಸ್ ಮತ್ತು ಗಿಲೆಟ್ ವಿಶ್ಲೇಷಿಸಿದರು. ಸುಮಾರು 32 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇದರ ಸರಪಳಿಗಳು ನೀರಿನೊಡನೆ ಜಲಜನಕ ಬಂಧ ಹೊಂದಿ ಹರಡಿಕೊಂಡಿರುತ್ತವೆ. ಅದನ್ನು ಮೀರಿದರೆ ನೀರನ್ನು ತೊರೆದು ಮುದುಡುತ್ತವೆ. ತಿಳಿಯಾದ ದ್ರಾವಣ ಹಾಲಿನಂತೆ ಬೆಳ್ಳಗಾಗುತ್ತದೆ. ತಣಿಸಿದರೆ ಮರಳಿ ತಿಳಿಯಾಗುತ್ತದೆ.

ಕಸಿಯಲ್ಲಿ ಎರಡು ಕ್ರಮಗಳಿವೆ. ಮೊದಲನೆಯದರಲ್ಲಿ ಸಿದ್ಧ ಸರಪಳಿಗಳನ್ನು ಕಣದ ಮೇಲ್ಮೈಗೆ ಜೋಡಿಸಲಾಗುತ್ತದೆ. ಇದು ಸರಳ, ಆದರೆ ಮೊದಲು ನೆಲೆಯೂರಿದ ಸರಪಳಿಗಳು ನಂತರದವುಗಳಿಗೆ ಅಡ್ಡಿಯಾಗುವುದರಿಂದ ಸಾಂದ್ರತೆ ಕಡಿಮೆ. ಎರಡನೆಯದರಲ್ಲಿ ಸಿಲೇನ್ ಸಂಯುಕ್ತದ ಮೂಲಕ ಪ್ರಾರಂಭಕ ಅಣುಗಳನ್ನು ಮೇಲ್ಮೈಗೆ ಬಂಧಿಸಿ, ಅಲ್ಲಿಂದಲೇ ಸರಪಳಿಗಳನ್ನು ಬೆಳೆಸಲಾಗುತ್ತದೆ. ಇದರಿಂದ ಕುಂಚದ ಎಳೆಗಳಂತೆ ದಟ್ಟವಾದ ಪದರ ದೊರೆಯುತ್ತದೆ. ಆದರೆ ತಾಮ್ರದ ವೇಗವರ್ಧಕವನ್ನು ಬಳಸಿದಲ್ಲಿ ಅದರ ಶೇಷವನ್ನು ತೆಗೆಯುವ ಹೊಣೆ ಉಳಿಯುತ್ತದೆ.

ಇಲ್ಲಿ ಎಚ್ಚರ ಅಗತ್ಯ. ಈ ಪಾಲಿಮರ್ ಜಲಜನಕ ಬಂಧದ ಬಲದಿಂದಲೇ ಸಿಲಿಕಾಕ್ಕೆ ಅಂಟಿಕೊಳ್ಳಬಲ್ಲದು. ಅವಕೆಂಪು ರೋಹಿತವಾಗಲಿ, ಕಾಯಿಸಿದಾಗ ಆಗುವ ತೂಕನಷ್ಟವಾಗಲಿ ಪಾಲಿಮರ್‌ನ ಇರವನ್ನು ತಿಳಿಸುತ್ತದೆಯೇ ಹೊರತು ಬೆಸುಗೆಯನ್ನಲ್ಲ. ಆದುದರಿಂದ ಪ್ರಾರಂಭಕವಿಲ್ಲದ ಕಣಗಳನ್ನು ಸಿದ್ಧ ಪಾಲಿಮರ್‌ನೊಡನೆ ಬೆರೆಸಿ, ಎರಡೂ ಮಾದರಿಗಳನ್ನು ಒಂದೇ ರೀತಿಯಲ್ಲಿ ಮತ್ತೆ ಮತ್ತೆ ತೊಳೆದು, ಉಳಿದುದನ್ನು ಹೋಲಿಸಬೇಕಾಗುತ್ತದೆ.

ಈ ನಿಷ್ಠುರತೆಯ ಪ್ರಯೋಜನ ಪ್ರಾಯೋಗಿಕವಾದುದು. 1996ರಲ್ಲಿ ಜಪಾನಿನ ಹಿದೆಕೊ ಕನಜಾವಾ, ತೆರುವೊ ಒಕಾನೊ ಮತ್ತು ಸಂಗಡಿಗರು ಇದೇ ಪಾಲಿಮರ್ ಬೆಸೆದ ಸಿಲಿಕಾ ಮಣಿಗಳನ್ನು ಕೊಳವೆಯಲ್ಲಿ ತುಂಬಿ, ಸಾವಯವ ದ್ರಾವಕವಿಲ್ಲದೆ, ನೀರನ್ನಷ್ಟೇ ಹರಿಸಿ, ತಾಪವನ್ನು ಬದಲಿಸುವ ಮೂಲಕ ಸ್ಟೀರಾಯ್ಡ್‌ಗಳನ್ನು ಬೇರ್ಪಡಿಸಿದರು. ಆ ಮಣಿಗಳು ನ್ಯಾನೊಕಣಗಳಿಗಿಂತ ದೊಡ್ಡವು; ತತ್ತ್ವ ಒಂದೇ. ಬರಿದೇ ಅಂಟಿದ ಪಾಲಿಮರ್ ಹರಿವ ನೀರಿನೊಡನೆ ಕಳಚಿಹೋಗುತ್ತದೆ; ಬೆಸೆದುದು ಮಾತ್ರ ಮರುಬಳಕೆಗೆ ಒದಗುತ್ತದೆ.