ತ್ರೀ ನಾಟ್ ತ್ರೀ ಸಿಗ್ತದಾ? – ಮನೆಯ ಕೋವಿ ಮತ್ತು ಮಳೆಗಾಲ

ಎನ್‌ಸಿಸಿ ಕ್ಯಾಂಪಿನಿಂದ ಬಂದವರ ಬಾಯಲ್ಲಿ ಒಂದು ವಾರ ಫೈರಿಂಗ್ ಬಿಟ್ಟು ಬೇರೆ ಮಾತಿಲ್ಲ. ಐದು ಗುಂಡು, ಒಂದು ಟಾರ್ಗೆಟ್, ಗ್ರೂಪಿಂಗ್ ಎಷ್ಟು ಬಂತು ಎಂಬ ಲೆಕ್ಕ. ಅದರ ಬೆನ್ನಿಗೇ ಹಾಸ್ಟೆಲಿನಲ್ಲಿ ಅಮೆರಿಕದವರ ವಿಡಿಯೋ ಶುರು. ಎರಡನೇ ಮಹಾಯುದ್ಧದ ಕಾಲದ ರೈಫಲ್ ಒಂದನ್ನು ಪೆಟ್ಟಿಗೆಯಿಂದ ತೆಗೆಯುತ್ತಾರೆ, ಮೈತುಂಬ ಮೆತ್ತಿದ ಕಂದು ಗ್ರೀಸನ್ನು ಕರಗಿಸಿ ಒರೆಸುತ್ತಾರೆ, ಸಂಜೆಯೊಳಗೆ ಹೊಡೆದೂ ತೋರಿಸುತ್ತಾರೆ. ನೋಡಿದವನು ಕೇಳುವ ಪ್ರಶ್ನೆ ಒಂದೇ: "ಮಾರಾಯಾ, ನಮ್ಮಲ್ಲಿ ಹಳೇ ತ್ರೀ ನಾಟ್ ತ್ರೀ ಎಲ್ಲಾದ್ರೂ ಸಿಗ್ತದಾ?"

ಸಿಗುವುದಿಲ್ಲ. ಏಕೆ ಸಿಗುವುದಿಲ್ಲ ಎಂಬುದನ್ನು ಆಮೇಲೆ ನೋಡೋಣ. ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ನಮ್ಮ ಪೈಕಿ ಕೆಲವರ ಮನೆಯಲ್ಲಿ ಕೋವಿ ನಿಜಕ್ಕೂ ಇದೆ. ಬೈಂದೂರಿನಿಂದ ಒಳಗೆ ಜಡ್ಕಲ್, ಕೊಲ್ಲೂರು, ಕುಂದಾಪುರದಿಂದ ಮೇಲೆ ಸಿದ್ದಾಪುರ, ಅಮಾಸೆಬೈಲು, ಬ್ರಹ್ಮಾವರದಿಂದ ಪೂರ್ವಕ್ಕೆ ಮಂದಾರ್ತಿ ಕಡೆ, ಹಂದಿ ಗದ್ದೆಗೆ ನುಗ್ಗುವ, ಮಂಗ ತೆಂಗಿನ ಮರ ಹತ್ತುವ ಊರುಗಳಲ್ಲಿ ಅಜ್ಜನ ಹೆಸರಿನಲ್ಲಿ ಬೆಳೆ ರಕ್ಷಣೆಯ ಲೈಸೆನ್ಸ್ ಇರುವುದು ವಿಶೇಷವೇನಲ್ಲ. ರಜೆಯಲ್ಲಿ ಊರಿಗೆ ಹೋದಾಗ ನಮ್ಮ ಕೈಗೆ ಸಿಗುವುದು ವಿಡಿಯೋದ ರೈಫಲ್ ಅಲ್ಲ, ಬಾಗಿಲ ಹಿಂದೆ ನಿಂತಿರುವ ಆ ಕೋವಿ. ರೈಫಲ್ ಬಗ್ಗೆ ತಿಳಿದದ್ದೆಲ್ಲ ಉಪಯೋಗಕ್ಕೆ ಬರುವುದು ಅಲ್ಲೇ.

ಮೊದಲು ರೈಫಲಿನ ಕತೆ. ತ್ರೀ ನಾಟ್ ತ್ರೀ ಎಂದರೆ ನಳಿಗೆಯ ಒಳವ್ಯಾಸ 0.303 ಇಂಚು, ಅಂದರೆ 7.7 ಮಿಲಿಮೀಟರ್. ಬ್ರಿಟಿಷರ ಲೀ ಎನ್‌ಫೀಲ್ಡ್ ಇದು. ಕೋಲ್ಕತ್ತಾ ಬಳಿಯ ಇಷಾಪುರದ ಕಾರ್ಖಾನೆಯಲ್ಲಿ ನಮ್ಮವರೇ ದಶಕಗಳ ಕಾಲ ತಯಾರಿಸಿದರು. 1962ರ ಯುದ್ಧದ ನಂತರ ಅದೇ ಕಾರ್ಖಾನೆ ಇದೇ ವಿನ್ಯಾಸವನ್ನು 7.62 ಮಿಲಿಮೀಟರ್ ಗುಂಡಿಗೆ ಹೊಂದಿಸಿತು. ಪೊಲೀಸರ ಕೈಯಲ್ಲಂತೂ ತ್ರೀ ನಾಟ್ ತ್ರೀ ತುಂಬಾ ಕಾಲ ಉಳಿಯಿತು. 2008ರ ಮುಂಬೈ ದಾಳಿಯ ರಾತ್ರಿಯೂ ಇತ್ತು. ಉತ್ತರ ಪ್ರದೇಶದ ಪೊಲೀಸರು ಅದಕ್ಕೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದ ಪರೇಡಿನಲ್ಲಿ. ಇನ್ನೊಂದು ವಿಷಯ: ಎನ್‌ಸಿಸಿಯ .22 ನಂಬರ್ 2 ಮಾರ್ಕ್ 4 ಹಿಡಿದವರು ಲೀ ಎನ್‌ಫೀಲ್ಡನ್ನೇ ಹಿಡಿದಿದ್ದಾರೆ. ಅದೇ ದೇಹ, ಅದೇ ಬೋಲ್ಟ್ ವಿನ್ಯಾಸ, ನಳಿಗೆ .22ರದ್ದು.

ಬೋಲ್ಟ್ ಆ್ಯಕ್ಷನ್ ಎಂದರೆ ಬಾಗಿಲಿನ ಅಗುಳಿ ಇದ್ದ ಹಾಗೆ. ಹಿಡಿ ಎತ್ತಿ ಹಿಂದೆ ಎಳೆದರೆ ಖಾಲಿ ಕೇಸು ಹಾರಿ ಹೊರಬೀಳುತ್ತದೆ, ಮುಂದೆ ದೂಡಿದರೆ ಮ್ಯಾಗಜಿನ್‌ನಿಂದ ಹೊಸ ತೋಟೆ ನಳಿಗೆಗೆ ಹೋಗುತ್ತದೆ, ಹಿಡಿ ಇಳಿಸಿದರೆ ಬೀಗ. ಜರ್ಮನಿಯ ಮೌಸರ್‌ನಲ್ಲಿ ಬೀಗದ ಹಲ್ಲುಗಳು ಬೋಲ್ಟಿನ ಮುಂದಿನ ತುದಿಯಲ್ಲಿರುತ್ತವೆ, ಹಿಡಿಯನ್ನು 90 ಡಿಗ್ರಿ ಎತ್ತಬೇಕು. ಲೀ ಎನ್‌ಫೀಲ್ಡ್‌ನಲ್ಲಿ ಹಲ್ಲುಗಳು ಹಿಂದೆ, 60 ಡಿಗ್ರಿ ಸಾಕು. ಹಾಗಾಗಿ ಕೈ ಬೇಗ ಓಡುತ್ತದೆ. ಬ್ರಿಟಿಷ್ ಸೈನಿಕರಿಗೆ ನಿಮಿಷಕ್ಕೆ 15 ಗುರಿಯಿಟ್ಟ ಗುಂಡಿನ ಪರೀಕ್ಷೆ ಇತ್ತು. ಆದರೆ ಹಲ್ಲು ಹಿಂದೆ ಇದ್ದರೆ ಹೊಡೆದ ಕ್ಷಣ ಇಡೀ ಬೋಲ್ಟ್ ಕುಗ್ಗುತ್ತದೆ, ದೇಹ ಸ್ವಲ್ಪ ಹಿಗ್ಗುತ್ತದೆ. ಆದ್ದರಿಂದಲೇ ಬೋಲ್ಟಿನ ನಂಬರೂ ದೇಹದ ನಂಬರೂ ಒಂದೇ ಇದೆಯಾ ಎಂದು ನೋಡುವುದು ಹಳೇ ರೈಫಲ್ ಕೊಳ್ಳುವವರ ಮೊದಲ ಕೆಲಸ. ಒಂದರ ಬೋಲ್ಟ್ ಇನ್ನೊಂದಕ್ಕೆ ಹಾಕಿದರೆ ತೋಟೆಯ ಹಿಂದೆ ಉಳಿಯುವ ಸಂದು ಹೆಚ್ಚಾಗಿ ಕೇಸು ಹರಿಯಬಹುದು.

ಲೆಕ್ಕ ಬೇಕಾದವರಿಗೆ: ಮಾರ್ಕ್ 7 ಗುಂಡಿನ ತೂಕ 11.3 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 744 ಮೀಟರ್. ಚಲನಶಕ್ತಿ 3,100 ಜೂಲ್. ಅಂದರೆ 50 ಕೆಜಿಯ ಸಿಮೆಂಟ್ ಚೀಲ ಆರು ಮೀಟರ್ ಎತ್ತರದಿಂದ ಬಿದ್ದಷ್ಟು, ಅದೂ ಬೆರಳಿನ ತುದಿಗಿಂತ ಸಣ್ಣ ಜಾಗದಲ್ಲಿ. ನಳಿಗೆಯೊಳಗಿನ ಸುರುಳಿ ಗೀರು 10 ಇಂಚಿಗೊಂದು ಸುತ್ತು ಕೊಡುವುದರಿಂದ ಗುಂಡು ನಿಮಿಷಕ್ಕೆ ಒಂದೂಮುಕ್ಕಾಲು ಲಕ್ಷ ಸುತ್ತು ತಿರುಗುತ್ತಾ ಹೊರಬರುತ್ತದೆ. ತೋಟೆ ಕೂರುವ ಕೋಣೆಯಲ್ಲಿ ಒತ್ತಡ 300 ಮೆಗಾಪ್ಯಾಸ್ಕಲ್ ಆಸುಪಾಸು, ಕಾರಿನ ಟಯರಿನ ಸಾವಿರಪಟ್ಟಿಗೂ ಮೇಲೆ. ಮೆಕ್ಯಾನಿಕ್ಸ್ ಆಫ್ ಮೆಟೀರಿಯಲ್ಸ್‌ನಲ್ಲಿ ದಪ್ಪ ಸಿಲಿಂಡರಿಗೆ ಲಾಮೆ ಸಮೀಕರಣ ಯಾಕೆ ಓದಬೇಕು ಎಂದು ಗೊಣಗಿದವರಿಗೆ ಇದೊಂದು ಉತ್ತರ.

ಈಗ ಕೊಳ್ಳುವ ಮಾತು. ನಮ್ಮ ಕಾನೂನಿನಲ್ಲಿ .303 ಮತ್ತು 7.62 ರೈಫಲುಗಳು, ಹಾಗೆಯೇ ಆ ಸರ್ಕಾರಿ ಗುಂಡನ್ನು ಹಾರಿಸಬಲ್ಲ ಬೇರೆ ಯಾವುದೇ ರೈಫಲ್, ನಿಷೇಧಿತ ಬೋರ್‌ನ ಪಟ್ಟಿಯಲ್ಲಿವೆ. ಗುಂಡು ಸೇನೆಯ, ಪೊಲೀಸರ ಉಗ್ರಾಣದಿಂದ ಸೋರಬಾರದು ಎಂಬುದು ಅದರ ಹಿಂದಿನ ತರ್ಕ. ಕೇಂದ್ರ ಸರ್ಕಾರದ ವಿಶೇಷ ಅನುಮತಿ ಇಲ್ಲದೆ ಇಟ್ಟುಕೊಂಡರೆ ಜೈಲು, ಅದೂ ವರ್ಷಗಟ್ಟಲೆ. ಈ ತಡೆಯಿಂದಲೇ ಹುಟ್ಟಿದ್ದು .315 ಸ್ಪೋರ್ಟಿಂಗ್ ರೈಫಲ್. ಇಷಾಪುರದಲ್ಲೇ, ಲೀ ಎನ್‌ಫೀಲ್ಡ್‌ನ ಬೋಲ್ಟ್ ವಿನ್ಯಾಸದ ಮೇಲೆ, ಆದರೆ ಸೇನೆಯದ್ದಲ್ಲದ ಬೇರೆ ತೋಟೆಗೆ ಮಾಡಿದ್ದು. ತ್ರೀ ನಾಟ್ ತ್ರೀಯ ಆಸೆಗೆ ನಮ್ಮ ದೇಶದಲ್ಲಿ ಅತಿ ಹತ್ತಿರದ ಕಾನೂನುಬದ್ಧ ವಸ್ತು ಅದೇ.

ಅದಕ್ಕೂ 21 ವರ್ಷ ತುಂಬಿರಬೇಕು. ಮಣಿಪಾಲದ ರಜತಾದ್ರಿಯಲ್ಲಿರುವ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ, ಪೊಲೀಸ್ ವರದಿ, ಸುರಕ್ಷತಾ ತರಬೇತಿಯ ಪ್ರಮಾಣಪತ್ರ, ಮನೆಯಲ್ಲಿ ಭದ್ರವಾಗಿ ಇಡುವ ಬಗ್ಗೆ ಮುಚ್ಚಳಿಕೆ, ಎಲ್ಲಕ್ಕಿಂತ ಮೇಲೆ ಒಂದು ಸರಿಯಾದ ಕಾರಣ. "ಹಿಸ್ಟರಿ ಇಷ್ಟ" ಎನ್ನುವುದು ಕಾರಣವಲ್ಲ. ಲೈಸೆನ್ಸ್ ಬಂದ ಮೇಲೆ ಪರವಾನಗಿ ಇರುವ ಅಂಗಡಿಯಿಂದಲೇ ಖರೀದಿ. ಕೋವಿಯ ನಂಬರೂ ಕೊಂಡ ತೋಟೆಯ ಸಂಖ್ಯೆಯೂ ದಾಖಲಾಗುತ್ತದೆ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕು, ಲೈಸೆನ್ಸಿನ ಅವಧಿ ಐದು ವರ್ಷ. ಬೆಳೆ ರಕ್ಷಣೆಗೆ ಕಾನೂನೇ ಹೆಸರಿಸಿರುವುದು ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು, ನಮ್ಮವರು ಕೇಪಿನ ಕೋವಿ ಎನ್ನುವುದನ್ನು. ಅದರಲ್ಲಿ ಒಂದು ವಿವೇಕವಿದೆ. ಚರೆ ಕೆಲವು ನೂರು ಮೀಟರಿನಲ್ಲಿ ಸುಸ್ತಾಗಿ ಬೀಳುತ್ತದೆ. ರೈಫಲ್ ಗುಂಡು ಮೂರು ಕಿಲೋಮೀಟರಿನಷ್ಟು ಹೋಗಬಲ್ಲದು. ಮನೆಯಿಂದ ಮನೆಗೆ ಒಂದು ಗದ್ದೆ, ಒಂದು ತೋಟ ಅಷ್ಟೇ ಅಂತರವಿರುವ ನಮ್ಮೂರಿನಲ್ಲಿ ರೈಫಲ್ ತಪ್ಪಿದರೆ ಯಾರ ಅಂಗಳದಲ್ಲಿ ಬೀಳುತ್ತದೆ ಎಂದು ಹೇಳಲು ಬರುವುದಿಲ್ಲ.

ಹೆಚ್ಚಿನ ಮನೆಗಳು ಎಡವುವ ಜಾಗ ಬೇರೆ. ಲೈಸೆನ್ಸ್ ಅಜ್ಜನದ್ದು, ಮನೆಯದ್ದಲ್ಲ. ಅಜ್ಜ ತೀರಿಕೊಂಡ ಮೇಲೆ ಕೋವಿ ಅಲ್ಲೇ ಗೋಡೆಗೆ ಒರಗಿಕೊಂಡಿದ್ದರೆ ಅದು ಲೈಸೆನ್ಸ್ ಇಲ್ಲದ ಆಯುಧ. ಹದಿಮೂರನೇ ದಿನದ ಗಡಿಬಿಡಿಯಲ್ಲಿ ಯಾರಿಗೂ ನೆನಪಾಗುವುದಿಲ್ಲ, ಆಮೇಲೆ ಹೇಳಲು ಹೆದರಿಕೆ. ಮಾಡಬೇಕಾದ್ದು ಸುಲಭ: ಠಾಣೆಯಲ್ಲೋ ಪರವಾನಗಿದಾರ ಅಂಗಡಿಯಲ್ಲೋ ಠೇವಣಿ ಇಟ್ಟು ರಸೀದಿ ಪಡೆಯುವುದು, ಬೇಕಿದ್ದರೆ ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕುವುದು. ಅಜ್ಜ ಇರುವಾಗಲೂ ವರ್ಗಾಯಿಸಬಹುದು, ಅವರಿಗೆ 70 ತುಂಬಿದ್ದರೆ ಅಥವಾ ಕೋವಿ 25 ವರ್ಷದಿಂದ ಅವರ ಬಳಿ ಇದ್ದರೆ. ಮೂಕಾಂಬಿಕಾ ಅಥವಾ ಸೋಮೇಶ್ವರ ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗಿನ ಮನೆಯಾದರೆ ಇನ್ನೊಂದು ಬಾಬತ್ತು ಇದೆ: 1972ರ ವನ್ಯಜೀವಿ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ಲೈಸೆನ್ಸುದಾರರು ಅರಣ್ಯ ಇಲಾಖೆಯಲ್ಲೂ ಹೆಸರು ನೋಂದಾಯಿಸಬೇಕು. ಬೆಳೆ ರಕ್ಷಣೆಯ ಲೈಸೆನ್ಸ್ ಶಿಕಾರಿಯ ಲೈಸೆನ್ಸ್ ಅಲ್ಲ ಎಂದು ಬೇರೆ ಹೇಳಬೇಕಾಗಿಲ್ಲ ತಾನೆ.

ಇನ್ನು ಕೈ ಹಾಕುವ ವಿಷಯ. "ಅದ್ರಗೆ ಎಂತದೂ ಇಲ್ಲೆ ಮಗಾ" ಎಂದು ಅಜ್ಜ ಹೇಳುತ್ತಾರೆ. ಅಜ್ಜನ ಮೇಲೆ ಗೌರವ ಇಟ್ಟುಕೊಂಡೇ ಆ ಮಾತನ್ನು ನಂಬಬಾರದು. ಕೇಪಿನ ಕೋವಿಗೆ ಕಳೆದ ವರ್ಷ ಹಂದಿ ಬಂದ ರಾತ್ರಿ ಮದ್ದು ತುಂಬಿ, ಹಂದಿ ಓಡಿಹೋಗಿ, ಹಾಗೇ ಮೂಲೆಗೆ ಇಟ್ಟಿರಬಹುದು. ತೆಗೆದು ಹಾಕಲು ಸುಲಭವಲ್ಲವಾದ್ದರಿಂದ ಹಾಗೆ ಬಿಡುತ್ತಾರೆ. ಮಳೆಗೆ ಮದ್ದು ತೇವ ಹಿಡಿದಿರಬಹುದು, ಬೇಸಿಗೆಗೆ ಮತ್ತೆ ಒಣಗಿರಲೂಬಹುದು. ಕಣ್ಣಿಗೆ ಏನೂ ಕಾಣುವುದಿಲ್ಲ.

ಇದಕ್ಕೆ ಹಳಬರದ್ದೇ ಒಂದು ಉಪಾಯ ಇದೆ. ಕೋವಿ ಖಾಲಿ ಇರುವುದು ಖಚಿತವಾಗಿರುವ ದಿನ ಮದ್ದು ಜಡಿಯುವ ಗಜವನ್ನು ನಳಿಗೆಯೊಳಗೆ ತಳದವರೆಗೆ ಬಿಟ್ಟು, ಬಾಯಿಯ ಮಟ್ಟಕ್ಕೆ ಗಜದ ಮೇಲೊಂದು ಗೀರು ಹಾಕುವುದು. ಆಮೇಲೆ ಯಾವತ್ತು ಬಿಟ್ಟರೂ ಗೀರು ಬಾಯಿಯ ಮಟ್ಟಕ್ಕೆ ಬರಬೇಕು. ಮೇಲೆ ನಿಂತರೆ ಒಳಗೆ ಏನೋ ಇದೆ. ಗಜ ಬಿಡುವ ಮೊದಲು ಕುದುರೆಯ ಕೆಳಗೆ ಕೇಪು ಇಲ್ಲವೆಂದು ನೋಡಬೇಕು, ಬಾಯಿಯ ನೇರಕ್ಕೆ ಮುಖವೂ ಕೈಯೂ ಬರಬಾರದು. ಒಳಗೆ ಮದ್ದು ಇದೆ ಎಂದಾದರೆ ಕೆದಕಲು ಹೋಗಬೇಡಿ. ಅದು ಲೈಸೆನ್ಸುದಾರರ ಮತ್ತು ಕೋವಿ ರಿಪೇರಿಯವರ ಕೆಲಸ, ಇಂಜಿನಿಯರಿಂಗ್ ವಿದ್ಯಾರ್ಥಿಯದ್ದಲ್ಲ.

ತೋಟೆ ಕೋವಿಯಾಗಲಿ .315 ಆಗಲಿ, ಪರೀಕ್ಷೆ ಇನ್ನೂ ಸರಳ. ಆದರೂ ತಪ್ಪುವವರು ಇಲ್ಲೂ ತಪ್ಪುತ್ತಾರೆ. ಮೊದಲು ಮ್ಯಾಗಜಿನ್ ತೆಗೆಯಬೇಕು, ಆಮೇಲೆ ಬೋಲ್ಟ್ ಎಳೆಯಬೇಕು. ಕ್ರಮ ತಿರುಗಿದರೆ ಮ್ಯಾಗಜಿನ್‌ನ ತೋಟೆ ಬೋಲ್ಟಿನ ಜತೆ ಮತ್ತೆ ಒಳಗೆ ಹೋಗುತ್ತದೆ, "ನಾನೇ ಖಾಲಿ ಮಾಡಿದ್ದೆ" ಎಂಬ ಮಾತು ಹುಟ್ಟುವುದು ಹೀಗೆ. ಕಣ್ಣಲ್ಲಿ ನೋಡಿ, ಕಿರುಬೆರಳು ಹಾಕಿ ಮುಟ್ಟಿ ನೋಡಬೇಕು. ಎನ್‌ಸಿಸಿಯಲ್ಲಿ 'ಖಾಲಿ ಕರ್' ಆದಮೇಲೂ 'ಜಾಂಚ್ ಶಸ್ತ್ರ್' ಎಂದು ಇನ್ನೊಬ್ಬರು ಬಂದು ನೋಡುತ್ತಾರಲ್ಲ, ಆಗ ನಮಗೆ ಅದು ಬರೇ ಡ್ರಿಲ್ ಅನ್ನಿಸಿತ್ತು.

ಕ್ಲೀನಿಂಗ್ ವಿಷಯದಲ್ಲಿ ನಮ್ಮ ಕರಾವಳಿಗೆ ಅಮೆರಿಕದ ವಿಡಿಯೋ ಪೂರ್ತಿ ಸಾಲದು, ಆದರೆ ಒಂದು ಪಾಠ ಅಲ್ಲಿಯದ್ದೇ. ಹಳೆಯ ಸೈನ್ಯದ ತೋಟೆಗಳ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಸಿಡಿದ ಮೇಲೆ ನಳಿಗೆಯಲ್ಲಿ ಉಳಿಯುವುದು ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ತಮ್ಮ. ಗಾಳಿಯ ತೇವಾಂಶ ಸುಮಾರು 84% ದಾಟಿದರೆ ಅದು ತಾನೇ ನೀರು ಹೀರಿ ಕರಗುತ್ತದೆ. ಆಮೇಲೆ ಕಬ್ಬಿಣಕ್ಕೆ ಏನಾಗುತ್ತದೆ ಎಂಬುದು ಫಸ್ಟ್ ಇಯರ್ ಕೆಮಿಸ್ಟ್ರಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಕುಂದಾಪುರದಲ್ಲಿ ತೇವಾಂಶ ಅದಕ್ಕಿಂತ ಕೆಳಗೆ ಇಳಿಯುವ ಹೊತ್ತು ಎಷ್ಟು? ಒಗೆದ ಬಟ್ಟೆಯನ್ನು ಕೇಳಿ. ಕರಿಮದ್ದಿನ ಕೋವಿಯ ಪಾಡು ಇನ್ನೂ ಕಷ್ಟ. ಅದರ ಮಸಿಯಲ್ಲಿರುವ ಪೊಟ್ಯಾಸಿಯಂ ಕಾರ್ಬೊನೇಟಿಗೆ 43% ತೇವ ಸಾಕು. ನಮ್ಮ ಗಾಳಿ ಅಷ್ಟು ಒಣಗುವುದೇ ಅಪರೂಪ.

ಎಣ್ಣೆ ಹಚ್ಚಿದರೆ ಆಯಿತು ಎಂದುಕೊಳ್ಳುವುದೇ ಇಲ್ಲಿ ಆಗುವ ತಪ್ಪು. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ. ಎಣ್ಣೆಯ ಪದರದ ಅಡಿಯಲ್ಲಿ ಕೂತು ತಿನ್ನುತ್ತಲೇ ಇರುತ್ತದೆ. ಉಪ್ಪನ್ನು ತೆಗೆಯುವುದು ನೀರು. ಹಾಗಾಗಿ ಹೊಡೆದ ದಿನವೇ ಕುದಿಯುವ ನೀರು ಹೊಯ್ದು ನಳಿಗೆ ತೊಳೆಯುವ ಅಜ್ಜಂದಿರ ಪದ್ಧತಿ ಸರಿಯಾದ ಕೆಮಿಸ್ಟ್ರಿ. ಬಿಸಿಯಾದ ಉಕ್ಕು ಬೇಗ ಒಣಗಿಬಿಡುತ್ತದೆ ಎಂಬುದು ಇನ್ನೊಂದು ಲಾಭ. ಆಮೇಲೆ ಒಣ ಬಟ್ಟೆ, ಬಿಳಿ ಬಟ್ಟೆ ಬಿಳಿಯಾಗಿಯೇ ಹೊರಬರುವ ತನಕ. ಕೊನೆಗೆ ತೆಳುವಾಗಿ ಎಣ್ಣೆ. ಎನ್‌ಸಿಸಿಯಲ್ಲಿ ಪುಲ್‌ಥ್ರೂಗೆ ಒಣಗಿಸಲು 4×2 ಇಂಚಿನ ಚಿಂದಿ, ಎಣ್ಣೆಗೆ 4×1½ ಇಂಚಿನದ್ದು ಎಂದು ಬಾಯಿಪಾಠ ಮಾಡಿಸುತ್ತಾರೆ. ಎಣ್ಣೆಯ ಬಟ್ಟೆ ಸ್ವಲ್ಪ ಸಡಿಲ ಇದ್ದರೆ ಎಣ್ಣೆ ಹಿಂಡಿಹೋಗದೆ ನಳಿಗೆಗೆ ಅಂಟುತ್ತದೆ. ಬೋಲ್ಟ್ ಕಳಚುವ ರೈಫಲಿಗೆ ಹಿಂದಿನಿಂದ ಮುಂದಕ್ಕೇ ಎಳೆಯಬೇಕು. ಬಾಯಿಯ ಅಂಚು ಸವೆದರೆ ಗುರಿ ಕೆಡುತ್ತದೆ.

ತೆಂಗಿನೆಣ್ಣೆ ಬೇಡ. ನಮ್ಮಲ್ಲಿ ಕೀಲಿಗೂ ಅದೇ, ಕೂದಲಿಗೂ ಅದೇ, ಗೊತ್ತು. ಆದರೆ ಅದು ಹಳತಾದಂತೆ ಕಮಟು ಹಿಡಿದು ಆಮ್ಲ ಬಿಡುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಇದಕ್ಕಿಂತ ವಾಸಿ. ಬಟ್ಟೆಯ ಚೀಲ, ಚರ್ಮದ ಕವರಿನಲ್ಲಿ ಮಳೆಗಾಲ ಕಳೆಯಲು ಬಿಡಬಾರದು, ಅದು ತೇವ ಹಿಡಿದಿಡುವ ಸ್ಪಂಜು. ಚುನಾವಣೆ ಸಮಯದಲ್ಲಿ ಠೇವಣಿ ಇಡಬೇಕಾಗಿ ಬಂದರೆ ಕೊಡುವ ಹಿಂದಿನ ದಿನ ಎಣ್ಣೆ ಹಚ್ಚಿ ಕೊಡಿ, ತಂದ ದಿನವೇ ಬಿಚ್ಚಿ ನೋಡಿ.

ಬಾಯಿಗೆ ಬಟ್ಟೆ ತುರುಕುವ ಅಭ್ಯಾಸವೂ ಕೆಲವರಿಗಿದೆ, ಹುಳ ಹೋಗಬಾರದು ಅಂತ. ಹುಳದ ಹೆದರಿಕೆ ಸುಳ್ಳಲ್ಲ. ನಮ್ಮೂರ ಕುಂಬಾರ ಹುಳ ಕೀಲಿಯ ತೂತನ್ನೂ ಬಿಡುವುದಿಲ್ಲ. ನಾಲ್ಕು ದಿನದಲ್ಲಿ ನಳಿಗೆಯೊಳಗೆ ಮಣ್ಣಿನ ಗೂಡು. ಆದರೆ ಬಟ್ಟೆಯೂ ಗೂಡೂ ಮಾಡುವ ಅನಾಹುತ ಒಂದೇ. ಗುಂಡು ಅಡ್ಡಕ್ಕೆ ಬಡಿದ ಕ್ಷಣ ಹಿಂದಿನಿಂದ ಧಾವಿಸುವ ಅನಿಲಕ್ಕೆ ದಾರಿಯಿಲ್ಲದೆ ಆ ಜಾಗದಲ್ಲೇ ಒತ್ತಡ ಏರುತ್ತದೆ, ನಳಿಗೆ ಅಲ್ಲೇ ಉಬ್ಬುತ್ತದೆ ಅಥವಾ ಸೀಳುತ್ತದೆ. ಎಡಗೈ ಇರುವುದು ಆ ನಳಿಗೆಯ ಕೆಳಗೇ. ದಪ್ಪ ಗ್ರೀಸ್ ಉಳಿದಿದ್ದರೂ ಇದೇ ಅಪಾಯ. ವಿಡಿಯೋದವರು ಅಷ್ಟು ಉಜ್ಜುವುದು ಅಂದಕ್ಕಲ್ಲ. ಪ್ರತಿ ಸಲ ಹೊಡೆಯುವ ಮೊದಲು, ಖಾಲಿ ಎಂದು ಖಚಿತವಾದ ಕೋವಿಯ ಹಿಂಬದಿಯಿಂದ ಬೆಳಕು ಕಾಣಬೇಕು. ಕೇಪಿನ ಕೋವಿಯಲ್ಲಿ ಬೆಳಕು ಕಾಣದು, ಅಲ್ಲಿ ಗಜದ ಗೀರೇ ಗತಿ.

ಕುದುರೆ ಬಿದ್ದೂ ಈಡು ಆಗದಿದ್ದರೆ ಕೋವಿಯನ್ನು ಅದೇ ದಿಕ್ಕಿಗೆ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯಬೇಕು, ಹಳೇ ತೋಟೆಯಾದರೆ ಇನ್ನೂ ಜಾಸ್ತಿ. ಒದ್ದೆ ಮದ್ದು ಒಳಗೇ ನಿಧಾನ ಉರಿಯುತ್ತಿರಬಹುದು. 'ಠುಸ್' ಎಂದು ಸಣ್ಣ ಸದ್ದು ಬಂದರೆ ಗುಂಡು ನಳಿಗೆಯಲ್ಲೇ ನಿಂತಿರಬಹುದು, ಎರಡನೆಯದು ಹಾರಿಸುವ ಮಾತೇ ಇಲ್ಲ. ಆಕಾಶಕ್ಕೆ ಹೊಡೆಯುವುದು ಸುರಕ್ಷಿತ ಎಂಬ ನಂಬಿಕೆ ರೈಫಲಿಗಂತೂ ಹೊಂದುವುದಿಲ್ಲ.

ಹೊಡೆಯುವ ಆಸೆಯೇ ಇದ್ದರೆ ಎನ್‌ಸಿಸಿ ಇದೆ. ಇಲ್ಲವಾದರೆ 4.5 ಮಿಲಿಮೀಟರಿನ, 20 ಜೂಲ್ ಮೀರದ ಏರ್ ರೈಫಲಿಗೆ ಲೈಸೆನ್ಸ್ ಬೇಡ, ಹತ್ತು ಮೀಟರ್ ಜಾಗವೂ ಹಿಂದೆ ಗಟ್ಟಿ ತಡೆಯೂ ಇದ್ದರೆ ಸಾಕು. ಮನೆಯ ಕೋವಿಯನ್ನು ಲೈಸೆನ್ಸುದಾರರು ಪಕ್ಕದಲ್ಲಿ ಇಲ್ಲದೆ ಒರೆಸಲೂ ಹೋಗಬೇಡಿ. ಈ ಸಲ ಊರಿಗೆ ಹೋದಾಗ ಅಜ್ಜನ ಹತ್ತಿರ ಕೂತು ಲೈಸೆನ್ಸ್ ಪುಸ್ತಕ ಬಿಡಿಸಿ, ಅವಧಿ ಯಾವತ್ತು ಮುಗಿಯುತ್ತದೆ ನೋಡಿ. ಗಜದ ಮೇಲೆ ಗೀರು ಇದೆಯಾ ಅಂತಲೂ ಕೇಳಿ.