ಕಣ್ಣು ಹಳದಿಯಾಗದ ಕಾಮಾಲೆ

ಕಾಮಾಲೆಗೆ ಮದ್ದು ಕೊಡುವವರು ನಮ್ಮ ಕಡೆ ಸುತ್ತಲ ನಾಲ್ಕೂರಿಗೆ ಒಬ್ಬರಾದರೂ ಇರುತ್ತಾರೆ. ಬೆಳಗ್ಗೆ ಬರಿಹೊಟ್ಟೆಗೆ ನೆಲನೆಲ್ಲಿ ಅರೆದು ಕದಡಿದ ಒಂದು ಲೋಟ ಮಜ್ಜಿಗೆ, ಎಣ್ಣೆ ಉಪ್ಪು ಬಿಟ್ಟ ಪಥ್ಯ, ಕೆಲವು ಕಡೆ ಮುಂಗೈಗೆ ಬರೆ. ಕೆಲವು ವಾರ ಕಳೆಯುವಷ್ಟರಲ್ಲಿ ಕಣ್ಣು ತಿಳಿಯಾಗಿರುತ್ತದೆ. ‘ಕಾಮಾಲೆಗೆ ಇಂಗ್ಲಿಷ್ ಔಷಧಿಯಲ್ಲಿ ಮದ್ದಿಲ್ಲ’ ಎಂಬ ನಂಬಿಕೆ ಬೇರೂರಿದ್ದು ಹೀಗೆ.

ಅದರಲ್ಲಿ ಅರ್ಧ ನಿಜವಿದೆ, ಅದಕ್ಕೇ ಅದು ಸಾಯುತ್ತಿಲ್ಲ. ಕೊಳಕು ನೀರು, ಆಹಾರದಿಂದ ಹರಡುವ ಹೆಪಟೈಟಿಸ್ ಎ ಮತ್ತು ಇ ಬಹುಪಾಲು ಜನರಲ್ಲಿ ತಾವಾಗಿಯೇ ಇಳಿಯುತ್ತವೆ. ವಾಸಿ ಮಾಡಿಕೊಂಡದ್ದು ದೇಹ, ಹೆಸರು ಬಂದದ್ದು ಮದ್ದಿಗೆ. ಬರೆಯಿಂದ ಸಿಕ್ಕುವುದು ಸುಟ್ಟ ಗಾಯ ಮಾತ್ರ. ದಿನ ತುಂಬುತ್ತಿರುವ ಗರ್ಭಿಣಿಗೆ ಇ ತಗುಲಿದರೆ ಜೀವಕ್ಕೇ ಅಪಾಯ. ಅಲ್ಲಿ ಪಥ್ಯ ನಂಬಿ ಮನೆಯಲ್ಲಿ ಕೂರುವಂತಿಲ್ಲ.

ಬಿ ಮತ್ತು ಸಿ ವೈರಸ್‌ಗಳ ದಾರಿಯೇ ಬೇರೆ. ಜಾತ್ರೆಯಲ್ಲಿ ಹತ್ತು ಜನರಿಗೆ ಒಂದೇ ಸೂಜಿಯಲ್ಲಿ ಹಾಕಿದ ಹಚ್ಚೆ, ಬದಲಿಸದ ಬ್ಲೇಡು, ಮರುಬಳಕೆಯ ಸಿರಿಂಜು, ಲೈಂಗಿಕ ಸಂಪರ್ಕ, ಹೆರಿಗೆ: ಇವುಗಳ ಮೂಲಕ ಮೈಸೇರುತ್ತವೆ. ತಟ್ಟೆ ಲೋಟ ಹಂಚಿಕೊಂಡರೆ, ಜೊತೆಯಲ್ಲಿ ಉಂಡರೆ ಹರಡುವುದಿಲ್ಲ. ಸೇರಿದ ಮೇಲೆ ಇಪ್ಪತ್ತು ಮೂವತ್ತು ವರ್ಷ ಕಣ್ಣು ಹಳದಿಯಾಗದೆಯೂ ಇರಬಹುದು. ‘ಒಂದು ತೊಟ್ಟೂ ಕುಡಿದವರಲ್ಲ, ಲಿವರ್ ಹೇಗೆ ಹಾಳಾಯಿತು?’ ಎಂದು ಮನೆಯವರು ಕಂಗಾಲಾಗುವುದು ಆಮೇಲೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 2.98 ಕೋಟಿ ಜನರಿಗೆ ಬಿ, 55 ಲಕ್ಷ ಜನರಿಗೆ ಸಿ ಇತ್ತು.

‘ಲಿವರ್ ಟೆಸ್ಟ್ ನಾರ್ಮಲ್ ಬಂದಿದೆ’ ಎಂದು ನಿಶ್ಚಿಂತರಾಗುವವರಿದ್ದಾರೆ. ವೈರಸ್ ಇದ್ದೂ ಆ ರಿಪೋರ್ಟ್ ಸರಿಯಾಗಿ ಬರಬಹುದು. ಬಿಗೆ ಎಚ್‌ಬಿಎಸ್‌ಎಜಿ, ಸಿಗೆ ಆ್ಯಂಟಿಬಾಡಿ ಪರೀಕ್ಷೆ ಬೇರೆಯೇ ಮಾಡಿಸಬೇಕು. ಬೆರಳ ತುದಿಯ ಒಂದು ಹನಿ ರಕ್ತ ಸಾಕು. ಕಿಟ್‌ನ ಪುಟ್ಟ ಕಿಟಕಿಯಲ್ಲಿ ಒಂದೇ ಗೆರೆಯೋ ಎರಡೋ ಎಂಬುದು ಅರ್ಧ ಗಂಟೆಯೊಳಗೆ ತಿಳಿಯುತ್ತದೆ. ಎರಡು ಗೆರೆ ಬಂದರೆ ಮುಂದಿನ ಪರೀಕ್ಷೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಸರ್ಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ. ಸಿ ಸಾಮಾನ್ಯವಾಗಿ ಹನ್ನೆರಡು ವಾರದ ಮಾತ್ರೆಗೆ ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಜನರಲ್ಲಿ ಪೂರ್ತಿ ಹೋಗುತ್ತದೆ. ಬಿ ಹಾಗಲ್ಲ, ಅಗತ್ಯವಿದ್ದವರು ವರ್ಷಗಟ್ಟಲೆ ಮಾತ್ರೆ ನುಂಗಿ ಅದನ್ನು ಹತೋಟಿಯಲ್ಲಿಡಬೇಕು.

ನನಗೆ ಹೆಚ್ಚು ಕಳವಳ ತರುವುದು ಬಾಣಂತಿ ಕೋಣೆಯ ಮಾತು: ‘ಎಳೆಗೂಸಿಗೆ ಈಗಲೇ ಚುಚ್ಚಬೇಡಿ, ಪುರುಡು ಕಳೆಯಲಿ.’ ಅಜ್ಜಿಯ ಕಕ್ಕುಲಾತಿ ಅರ್ಥವಾಗುತ್ತದೆ. ಆದರೆ ಹುಟ್ಟುವಾಗ ಬಿ ತಗುಲಿದ ಹತ್ತು ಮಕ್ಕಳಲ್ಲಿ ಒಂಬತ್ತಕ್ಕೆ ಅದು ಬಹುಕಾಲ ಉಳಿದುಬಿಡುತ್ತದೆ. ದೊಡ್ಡವರಿಗೆ ತಗುಲಿದರೆ ನೂರರಲ್ಲಿ ಐದಕ್ಕಿಂತ ಕಡಿಮೆ ಮಂದಿಗೆ. ಅದಕ್ಕೇ ಹುಟ್ಟಿದ 24 ಗಂಟೆಯೊಳಗೆ ತೊಡೆಗೆ ಒಂದು ಡೋಸ್, ಆಮೇಲೆ 6, 10, 14ನೇ ವಾರದ ಲಸಿಕೆಗಳು. ತಾಯಿಗೆ ಬಿ ಇದ್ದರೆ ಮಗುವಿಗೆ ಇಮ್ಯುನೊಗ್ಲೋಬ್ಯುಲಿನ್ ಕೂಡ ಕೊಡುತ್ತಾರೆ, ಎದೆಹಾಲು ನಿಲ್ಲಿಸಬೇಕಿಲ್ಲ.

ಮನೆಯಲ್ಲಿ ಬಸುರಿ ಇದ್ದರೆ ತಾಯಿ ಕಾರ್ಡ್ ತೆಗೆದು ನೋಡಿ. ಎಚ್‌ಬಿಎಸ್‌ಎಜಿ ಮುಂದೆ ಏನೂ ಬರೆದಿರದಿದ್ದರೆ, ಮುಂದಿನ ತಪಾಸಣೆಗೆ ಹೋದಾಗ ನೀವೇ ಬಾಯಿಬಿಟ್ಟು ಕೇಳಿ.