ತೆಕ್ಕಲಕೋಟೆ ಗುಡ್ಡದ ಮೇಲೊಂದು ಊರಿತ್ತು!

ಬಳ್ಳಾರಿಯಿಂದ ಸಿರುಗುಪ್ಪದ ಕಡೆ ಹೊರಟರೆ ದಾರಿಯಲ್ಲಿ ತೆಕ್ಕಲಕೋಟೆಯ ಗುಡ್ಡಗಳು ಸಿಗುತ್ತವೆ. ಬಂಡೆಯ ಮೇಲೆ ಬಂಡೆ, ಕೆಂಡದಂಥ ಬಿಸಿಲು. ಕೆಳಗೆ ಕಾಲುವೆ ನೀರು ಕುಡಿದ ಭತ್ತದ ಗದ್ದೆ. ಈ ಬಂಡೆಗಳ ನಡುವೆ ಯಾರು ತಾನೇ ಸಂಸಾರ ಹೂಡಿಯಾರು ಅನ್ನಿಸುತ್ತದೆ ಅಲ್ಲವೇ? ಹೂಡಿದ್ದರು! ಮೂರೂವರೆ ಸಾವಿರ ವರ್ಷಗಳ ಹಿಂದೆ, ಕಬ್ಬಿಣ ಎಂಬುದನ್ನು ಕಂಡೇ ಇರದ ಜನ!

1963-64ರಲ್ಲಿ ಸಂಶೋಧಕರಾದ ಎಂ.ಎಸ್. ನಾಗರಾಜರಾವ್ ಮತ್ತು ಕೆ.ಸಿ. ಮಲ್ಹೋತ್ರಾ ಇಲ್ಲಿ ಅಗೆದಾಗ ಸಿಕ್ಕಿದ್ದು ಬರೀ ಕಲ್ಲಿನ ಕೊಡಲಿಗಳಲ್ಲ, ಮನೆಗಳು! ಬಂಡೆಗಳ ನಡುವಿನ ಜಾಗವನ್ನು ಸಮತಟ್ಟು ಮಾಡಿ, ದುಂಡಗೆ ಕಟ್ಟಿದ ಗುಡಿಸಲುಗಳು. ಕಂಬ ನೆಟ್ಟ ಕುಳಿಗಳು ಹಾಗೇ ಉಳಿದಿದ್ದವು. ಮೇಲಿನ ಮಾಡು ಹೇಗಿದ್ದೀತೆಂದು ತಿಳಿಯಲು ನಾಗರಾಜರಾವ್ ದೂರ ಹೋಗಲಿಲ್ಲ; ಅದೇ ಸೀಮೆಯ ಬೋಯ ಜನರ ದುಂಡು ಗುಡಿಸಲುಗಳನ್ನು ನೋಡಿದರು. ಅಷ್ಟು ಹಿಂದಿನ ಮನೆಗೆ ನಕ್ಷೆ ಪಕ್ಕದ ಕೇರಿಯಲ್ಲೇ ಇತ್ತು!

ಇನ್ನೊಂದು ಕೇಳಿ: ಆ ಮಣ್ಣಿನಲ್ಲಿ ಚಿನ್ನ ಸಿಕ್ಕಿತು. ಕಿವಿಗೆ ಇಟ್ಟುಕೊಳ್ಳುವ ಒಡವೆ! ಕಲ್ಲು ಉಜ್ಜಿ ಕೊಡಲಿ ಮಾಡುತ್ತಿದ್ದ ಊರಿನಲ್ಲಿ ಯಾರದೋ ಕಿವಿ ಹೊಳೆಯುತ್ತಿತ್ತು. ತೀರಿಹೋದ ಎಳೆಗೂಸುಗಳನ್ನು ಮಡಕೆಯೊಳಗಿಟ್ಟು ಹೂಳಿದ್ದೂ ಇದೇ ಊರಲ್ಲಿ.

ಉಣ್ಣುತ್ತಿದ್ದುದು ಏನು? ಇಂದಿನ ಸಿರುಗುಪ್ಪದ ಅನ್ನವಲ್ಲ. ಬಳ್ಳಾರಿಯವರ ಪ್ರಾಣವಾದ ಜೋಳದ ರೊಟ್ಟಿಯೂ ಅಲ್ಲ. ಜೋಳ ಆಮೇಲೆ ಆಫ್ರಿಕಾದಿಂದ ಬಂದ ಧಾನ್ಯ. ತೆಕ್ಕಲಕೋಟೆ, ಕುರುಗೋಡು, ಸಂಗನಕಲ್ಲುಗಳ ಹಳೆಯ ಮಣ್ಣನ್ನು ನೀರಿಗೆ ಹಾಕಿ, ಮೇಲೆ ತೇಲಿದ ಇದ್ದಿಲಿನಂಥ ಕಾಳುಗಳನ್ನು ಸೋಸಿ ಸಸ್ಯತಜ್ಞ ಡೋರಿಯನ್ ಫುಲ್ಲರ್ ಪರೀಕ್ಷಿಸಿದರು. ಹುರುಳಿ, ಹೆಸರು, ಕೊರಲೆ! ಇವು ಯಾವ ಹೊರನಾಡಿನಿಂದಲೂ ಬರಲಿಲ್ಲ. ದಕ್ಷಿಣದ ಈ ಒಣನೆಲದ ಜನರೇ ಕಾಡಿನಿಂದ ಹೊಲಕ್ಕೆ ತಂದ ಬೆಳೆಗಳು. ದೊಡ್ಡಬಸವೇಶ್ವರನ ದರ್ಶನಕ್ಕೆ ಕುರುಗೋಡಿಗೆ ಹೋಗುವವರಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ಗೊತ್ತಾಗಲೇಬೇಕು ಅನ್ನುತ್ತೇನೆ ನಾನು.

ಬಳ್ಳಾರಿ ನಗರದ ಪಕ್ಕದಲ್ಲೇ ಇರುವ ಸಂಗನಕಲ್ಲು, ಕಪ್ಪಗಲ್ಲಿನ ಹಿರೇಗುಡ್ಡವಂತೂ ಕೊಡಲಿಗಳ ಕಾರ್ಖಾನೆ! ಗುಡ್ಡದ ನಡುವೆ ಹಾದುಹೋದ ಡಾಲರೈಟ್ ಕರಿಗಲ್ಲನ್ನು ಒಡೆದು, ಚಕ್ಕೆ ಎಬ್ಬಿಸಿ, ಗ್ರಾನೈಟ್ ಬಂಡೆಯ ಮೇಲೆ ಉಜ್ಜಿ ನಯ ಮಾಡುತ್ತಿದ್ದರು. ಉಜ್ಜಿ ಉಜ್ಜಿ ಬಂಡೆಯಲ್ಲಿ ಬಿದ್ದ ತೋಡುಗಳಲ್ಲಿ ಇವತ್ತಿಗೂ ಬೆರಳಾಡಿಸಬಹುದು. ಅದೇ ಕರಿಗಲ್ಲಿನ ಮೇಲೆ ಕುಟ್ಟಿ ಮೂಡಿಸಿದ ಉದ್ದ ಕೊಂಬಿನ ದನಗಳು! ಸಣ್ಣ ಕಲ್ಲಿನಿಂದ ಬಡಿದರೆ ಗಂಟೆಯಂತೆ ನಾದ ಕೊಡುವ ಬಂಡೆಗಳೂ ಇಲ್ಲಿವೆ; ಬಡಿದು ಬಡಿದು ಗುಳಿಬಿದ್ದ ಗುರುತು ಮೈಮೇಲೇ ಇದೆ.

ಇಂಥ ಗುಡ್ಡದ ಕಲ್ಲಿಗೆ ಕ್ವಾರಿಗಳು ಕೈಹಾಕಿದ್ದು ಹೊಟ್ಟೆ ಉರಿಸುವ ಸಂಗತಿ. ಬಳ್ಳಾರಿಯಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಸಂಗ್ರಹಾಲಯವಿದೆ. ಮೊದಲು ಅಲ್ಲಿ ಸಂಗನಕಲ್ಲಿನ ಕೊಡಲಿಗಳನ್ನು ನೋಡಿ, ಆಮೇಲೆ ಮಕ್ಕಳನ್ನು ಕರೆದುಕೊಂಡು ಗುಡ್ಡ ಹತ್ತಿ.